ಹೊಸ್ತಿಲ ಮೇಲೆ ಹಾದಿದ್ದ ತಂತಿ

ತಮ್ಮ ತೀರಿಕೊಂಡ ವರ್ಷ ಪಿತೃಪಕ್ಷಕ್ಕೆಂದು ನಾನು ಮಿರ್ಲೆಯಿಂದ ತವರಿಗೆ ಬಂದಾಗ ಅವ್ವ ಕೇಳಿದ್ದು ಒಂದೇ ಮಾತು. "ಅವನ ಕಂಪ್ಯೂಟ್ರಿಂದ ಪದ ಆಕಕ್ಕೆ ನಿಂಗೆ ಬತ್ತದಾ?"

ಬರುತ್ತದೆ ಎಂದೆ. ಎಷ್ಟು ಬರುತ್ತದೆ ಎಂದು ಹೇಳಲಿಲ್ಲ.

ನಮ್ಮದು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ ಕಡೆಯ ಮನೆ. ತಮ್ಮ ಹುಣಸೂರಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸದಲ್ಲಿದ್ದ. ಬಿಡಿಭಾಗಗಳನ್ನು ಒಂದೊಂದಾಗಿ ತಂದು, ಜಗಲಿ ಪಕ್ಕದ ಕೋಣೆಯಲ್ಲಿ ಗೊಬ್ಬರದ ಚೀಲಗಳನ್ನು ಮೂಲೆಗೆ ತಳ್ಳಿ, ತನ್ನದೇ ಒಂದು ಕಂಪ್ಯೂಟರ್ ಜೋಡಿಸಿಕೊಂಡಿದ್ದ. ಅವನು ಕೂಡಿಹಾಕಿದ ಹಾಡುಗಳೆಲ್ಲ ಅದರಲ್ಲಿದ್ದವು. ದೊಡ್ಡ ಸ್ಪೀಕರುಗಳ ಸ್ಟೀರಿಯೊ ಸೆಟ್ಟು ಮಾತ್ರ ನಡುಮನೆಯಲ್ಲಿತ್ತು. ಅದನ್ನು ಕದಲಿಸಲು ಅಪ್ಪ ಒಪ್ಪಲಿಲ್ಲ. ತಂತಿ ಎಳೆಯಲು ಗೋಡೆಗೊಂದು ತೂತು ಮಾಡುತ್ತೇನೆ ಎಂದರೆ ಅದಕ್ಕೂ ಬಿಡಲಿಲ್ಲ.

"ನಮ್ಮಪ್ಪ ಮಣ್ಣು ತುಳ್ದು ಎತ್ತಿರ ಗ್ವಾಡೆ ಕಣ್ಲಾ. ನಿನ್ನ ಪದ ಓಡಾಡಕ್ಕೆ ಅದ್ಕೆ ತೂತು ಒಡೀಬೇಕಾ?"

"ಬುಡಪ್ಪ, ಬಾಗಲಲ್ಲೇ ಓಡಾಡ್ತದೆ" ಎಂದು ತಮ್ಮ ನಕ್ಕಿದ್ದ.

ಹಾಗಾಗಿ ಒಂದು ಉದ್ದದ ಕಪ್ಪು ತಂತಿ ಕೋಣೆಯಿಂದ ಹೊರಟು, ಜಗಲಿಯ ಅಂಚಿನಲ್ಲಿ ಹಾದು, ಮುಂಬಾಗಿಲ ಹೊಸ್ತಿಲನ್ನು ದಾಟಿ, ಸೆಟ್ಟಿನ ಬೆನ್ನಿಗೆ ಸೇರುತ್ತಿತ್ತು. ರಾತ್ರಿ ಬಾಗಿಲು ಹಾಕುವ ಮೊದಲು ಅವನೇ ಅದನ್ನು ಸುತ್ತಿ ಗೂಟಕ್ಕೆ ನೇತುಹಾಕುತ್ತಿದ್ದ. ಸಂಜೆ ಕೆಲಸದಿಂದ ಬಂದವನು ಕಾಲು ತೊಳೆಯುವ ಮೊದಲೇ ಕೋಣೆಗೆ ಹೋಗಿ ಒಂದು ಹಾಡು ಹಾಕುತ್ತಿದ್ದ. ಕೊಳಲಿನಿಂದ ಶುರುವಾಗುವ ಹಳೆಯ ಹಾಡು. ಅದು ನಡುಮನೆಯಲ್ಲಿ ಕೇಳಿದ ಕೂಡಲೆ ಅವ್ವ ಅಡುಗೆಮನೆಯಲ್ಲಿ ಕಾಫಿಗೆ ನೀರಿಡುತ್ತಿದ್ದಳು.

ಅವನು ಹೋದ ಮೇಲೆ ಆ ಕೋಣೆಗೆ ಯಾರೂ ಕಾಲಿಟ್ಟಿರಲಿಲ್ಲ. ಈಗ ಎಡೆ ಇಡುವ ದಿನ ಆ ಹಾಡು ಬೇಕೆಂದು ಅವ್ವ ಹಟ ಹಿಡಿದಿದ್ದಳು. ಸತ್ತವರಿಗೆ ಏನು ಇಷ್ಟವೋ ಅದನ್ನೇ ಎಡೆಗೆ ಇಡಬೇಕಲ್ಲ.

ಎಡೆಯ ಕೆಲಸಕ್ಕೆ ಮುಂದಾಳಾಗಿದ್ದ ನಮ್ಮ ಸೋದರಮಾವ ತಲೆ ಕೆರೆದುಕೊಂಡರು. "ಎಡೆಗೆ ಬಾಡು ಇಕ್ಕದು ಕಂಡಿವ್ನಿ, ಬೀಡಿ ಇಕ್ಕದು ಕಂಡಿವ್ನಿ. ಪದ ಇಕ್ಕದು ಇವತ್ತೇ ಕಣವ್ವ ಕಾಣ್ತಿರದು."

"ಅವ್ನಿಗೆ ಬಾಡ್ಗಿಂತ ಅದೇ ಇಷ್ಟ ಕಣಣ್ಣ" ಎಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಪೂರ್ತಿ ಆಗ್ಬೇಕು ಕಣೆ. ನಡುವ್ಲೆ ನಿಂತ್ರೆ ಎಲೆ ಮುಂದಿಂದ ಎದ್ದೋದಂಗೆ."

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಉಣ್ಣುತ್ತಿರುವವನನ್ನು ಎಬ್ಬಿಸಬಾರದು ಎನ್ನುವ ಮನೆ ನಮ್ಮದು. ಅವನು ಜ್ವರದಲ್ಲಿ ಕೊನೆಯ ಸಲ ಆಸ್ಪತ್ರೆಗೆಂದು ಕಾರು ಹತ್ತುವಾಗಲೂ ಅರ್ಧ ಗಂಜಿ ಬಿಟ್ಟೇ ಎದ್ದಿದ್ದ.

ನನ್ನ ಭಯವೆಲ್ಲ ಕರೆಂಟಿನ ಮೇಲಿತ್ತು. ಪಕ್ಕದ ಗದ್ದೆಯ ದೊಡ್ಡಪ್ಪ ಮೋಟಾರು ಹಾಕಿದರೆ ನಮ್ಮ ಮನೆಯ ದೀಪ ಮಂಕಾಗಿ ಕಂಪ್ಯೂಟರ್ ಆರಿಹೋಗುತ್ತಿತ್ತು. ಬೆಳಿಗ್ಗೆಯೇ ಹೋಗಿ ಕೈಮುಗಿದು ಬಂದೆ. "ಗದ್ದೆ ಒಣಗುದ್ರೂ ಸರಿ ಕಣವ್ವ, ನಿನ್ನ ತಮ್ಮ ಉಣ್ಣಗಂಟ ಸ್ವಿಚ್ಚು ಮುಟ್ಟಾಕಿಲ್ಲ" ಎಂದಿದ್ದರು.

ಹೊತ್ತಿಳಿಯುತ್ತಿದ್ದಂತೆ ನಡುಮನೆಯಲ್ಲಿ, ಅವನ ಫೋಟೋದ ಮುಂದೆ, ಎಲೆ ಹಾಕಿದರು. ಮುದ್ದೆ, ಸಾರು, ವಡೆ, ಹೊಸ ಅಂಗಿ. ನಾನು ಸೆಟ್ಟು ಹಾಕಿ, ತಂತಿಯ ಎರಡು ತುದಿಯನ್ನೂ ಅವನು ಹೇಳಿಕೊಟ್ಟಿದ್ದ ಹಾಗೆ ಒತ್ತಿ ಸಿಕ್ಕಿಸಿ ಕೋಣೆಗೆ ಬಂದೆ. "ಮುಟ್ಟಕ್ಕಯ್ಯ, ಕಚ್ಚಾಕಿಲ್ಲ ಅದು" ಎಂದು ಮೌಸನ್ನು ನನ್ನ ಕೈಗೆ ಕೊಟ್ಟಿದ್ದವನು ನೆನಪಾದ. ಒತ್ತಿದೆ. ನಡುಮನೆಯಿಂದ ಕೊಳಲು ಕೇಳಿತು.

ಅಪ್ಪ, ಅವ್ವ ಜಗಲಿಗೆ ಬಂದು ಕೂತರು. ಮಾವ ಧೂಪ ಹಾಕಿ, ಹೊರಗೆ ಬಂದು ಬಾಗಿಲನ್ನು ಎಳೆದುಕೊಂಡರು. ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗಿರಬೇಕು. ಹೋದವರು ಬಂದು ಉಣ್ಣುವ ಹೊತ್ತು ಅದು, ಇಣುಕುವಂತಿಲ್ಲ. ಒಂದು ಎಲೆಅಡಿಕೆ ಅಗಿದು ಮುಗಿಸುವಷ್ಟು ಹೊತ್ತು ಕಾಯಬೇಕು.

ಹಾಡು ಹೆಣ್ಣುದನಿಯ ಸಾಲಿಗೆ ಬಂದಿತ್ತು. ತಲೆಯ ಮೇಲಿನ ದೀಪ ಒಮ್ಮೆ ಮಿಣುಕಿತು. ಪರದೆ ಆರಲಿಲ್ಲ.

"ಬಾಗ್ಲು ಸರ್ಯಾಗಿ ಕೂತಿಲ್ವಲ್ಲ" ಎಂದು ಹೊರಗೆ ಮಾವನ ದನಿ ಕೇಳಿತು. ಬಾಗಿಲು ಗಡಕ್ಕೆಂದಿತು. ಚಿಲಕ ಬಿತ್ತು.

ಹಾಡು ನಿಂತಿತು.

ಮೋಟಾರು ಅಂದುಕೊಂಡೆ. ಆದರೆ ದೀಪ ಉರಿಯುತ್ತಿತ್ತು. ಪರದೆಯ ಮೇಲೆ ಹಾಡಿನ ಗೆರೆ ಮುಂದಕ್ಕೆ ಹೋಗುತ್ತಲೇ ಇತ್ತು. ಕಂಪ್ಯೂಟರ್ ಹಾಡುತ್ತಿದೆ, ಮನೆಗೆ ಕೇಳಿಸುತ್ತಿಲ್ಲ. ತಂತಿಯ ತುದಿಯನ್ನು ಕಿತ್ತು ಮತ್ತೆ ಸಿಕ್ಕಿಸಿದೆ. ಏನೂ ಇಲ್ಲ. ಇನ್ನೊಂದು ತುದಿ ಮುಚ್ಚಿದ ಬಾಗಿಲ ಆಚೆ, ಎಲೆಯ ಪಕ್ಕದಲ್ಲಿತ್ತು. ಅಲ್ಲಿಗೆ ನಾನು ಹೋಗುವಂತಿರಲಿಲ್ಲ.

"ಎದ್ದೋದ್ನಾ?" ಅವ್ವನ ದನಿ.

"ಸುಮ್ಕಿರವ್ವ. ಕರೆಂಟು ಓಗಿರ್ಬೇಕು" ಎಂದರು ಮಾವ.

"ದೀಪ ಉರೀತಾ ಅದಲ್ಲಣ್ಣ."

ನಾನು ಜಗಲಿಗೆ ಬಂದೆ. ಅವ್ವ ಎದ್ದು ನಿಂತಿದ್ದಳು. ಅಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ನನ್ನ ಬೆನ್ನ ಹಿಂದೆ, ಕೋಣೆಯಲ್ಲಿ, ಆ ಗೆರೆ ಕೊನೆಯ ಕಡೆಗೆ ಸರಿಯುತ್ತಿತ್ತು. ಅದು ಮುಗಿಯುವುದರೊಳಗೆ ಏನಾದರೂ ಆಗಬೇಕಿತ್ತು. ಏನು ಅಂತ ನನಗೆ ಗೊತ್ತಿರಲಿಲ್ಲ.

ಅವ್ವ ಬಾಗಿಲಿಗೆ ಹೋದಳು. ಮಾವ ಅಡ್ಡ ಬಂದರು. "ಬ್ಯಾಡ ಕಣವ್ವ, ಅರ್ಧದಲ್ಲಿ ತಗುದ್ರೆ ಮತ್ತೆ ಈ ಮನ್ಗೆ ಬರಾಕಿಲ್ಲ ಅವ್ನು."

"ಅವ್ನು ಯಾವತ್ತಾರ ಬಾಗ್ಲಾಕ್ಕೊಂಡು ಉಂಡವ್ನಾ, ನೀನೇ ಯೋಳಣ್ಣ."

ಮಾವನ ಬಾಯಲ್ಲಿ ಎಲೆಅಡಿಕೆ ಹಾಗೇ ನಿಂತಿತು. ಅವ್ವ ಚಿಲಕ ತೆಗೆದು ಬಾಗಿಲು ದೂಡಿದಳು.

ಹಾಡು ಬಂತು. ನಿಂತ ಜಾಗದಿಂದಲ್ಲ, ಇನ್ನೂ ಮುಂದಿನಿಂದ. ನಾವು ಕೇಳದೆ ಇದ್ದಾಗಲೂ ನಡೆದುಕೊಂಡೇ ಬಂದಂತೆ. ಮಾವ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದರು. ಅವ್ವ ಒಳಗೆ ಕಾಲಿಡಲಿಲ್ಲ. ಒಂದು ಕೈಯಲ್ಲಿ ಬಾಗಿಲನ್ನು ಹಿಡಿದು, ಎಲೆಯನ್ನು ನೋಡದೆ, ಮುಖ ಅಡುಗೆಮನೆಯ ಕಡೆ ತಿರುಗಿಸಿ ನಿಂತಳು. ಕೊನೆಯಲ್ಲಿ ಮತ್ತೆ ಕೊಳಲು ಬಂದು ನಿಧಾನಕ್ಕೆ ನಿಂತಿತು.

"ಪೂರ್ತಿ ಆಯ್ತಾ?"

"ಆಯ್ತು ಕಣವ್ವ. ಎಲ್ಲೂ ನಿಲ್ನಿಲ್ಲ. ಒಳ್ಗೆ ನಡೀತಾನೆ ಇತ್ತು."

ಅದು ಸುಳ್ಳಲ್ಲ. ಗೆರೆ ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಎಲ್ಲರೂ ಒಳಗೆ ಹೋದ ಮೇಲೆ ಅಪ್ಪ ಹೊಸ್ತಿಲ ಬಳಿ ಕುಕ್ಕರುಗಾಲಲ್ಲಿ ಕೂತು ತಂತಿಯನ್ನು ಎತ್ತಿಕೊಂಡ. ಬಾಗಿಲು ಒತ್ತಿದ್ದ ಕಡೆ ಅದು ಚಪ್ಪಟೆಯಾಗಿತ್ತು. ಹಗಲು ಎಂದೂ ಮುಚ್ಚದ ಬಾಗಿಲು ಅದು. ಅದನ್ನು ಮುಚ್ಚಿದರೆ ಹೊಸ್ತಿಲ ಮೇಲಿನ ತಂತಿ ಅಮುಕಿಹೋಗುತ್ತದೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅಪ್ಪ ಆ ಜಾಗವನ್ನು ಹೆಬ್ಬೆರಳಲ್ಲಿ ತೀಡಿ ತೀಡಿ ನೋಡಿದ.

ಬೆಳಿಗ್ಗೆ ಎದ್ದಾಗ ಜಗಲಿ ಕೋಣೆಯಿಂದ ಕುಟ್ಟುವ ಸದ್ದು ಬರುತ್ತಿತ್ತು. ಹೋಗಿ ನೋಡಿದೆ. ಗೊಬ್ಬರದ ಚೀಲಗಳನ್ನು ಈಚೆಗೆ ಎಳೆದುಹಾಕಿ, ಮೊಣಕಾಲೂರಿ, ಅಪ್ಪ ಹಾರೆಯ ತುದಿಯಿಂದ ತಾತ ಎತ್ತಿದ ಗೋಡೆಯನ್ನು ಕೊರೆಯುತ್ತಿದ್ದ. ಮೈಮೇಲೆಲ್ಲ ಕೆಮ್ಮಣ್ಣು.

"ಆ ತಂತಿ ಇತ್ತಗೆ ಕೊಡು" ಎಂದ, ತಿರುಗದೆ.