ಮುಳುಗೋ ತೂಕ ಸೊಂಟಕ್ಕಾ, ಹೆಗಲಿಗಾ?

ಸಾರಿ ಫ್ರೆಂಡ್ಸ್, ಇದಕ್ಕೂ ಒಂದು ಪೋಸ್ಟಾ ಅಂತ ಬೈಬೇಡಿ, ನಂಗೂ ಸಾಕಾಗಿದೆ. ನಮ್ಮ ಡೈವಿಂಗ್ ಕೋರ್ಸಿಗೆ ನೀರು ಒಳಗೆ ಬರದ ಡ್ರೈಸೂಟ್ ಹಾಕ್ಬೇಕು. ಅದರೊಳಗೆ ಗಾಳಿ ಇರೋದ್ರಿಂದ ತೇಲಿಸುತ್ತೆ, ಮುಳುಗೋಕೆ ಮೈಗೆ ತೂಕ ಕಟ್ಕೋಬೇಕು. ಸೊಂಟಕ್ಕೆ ಬೆಲ್ಟೋ, ಹೆಗಲಿಗೆ ಬ್ಯಾಗ್ ತರ ಹಾಕೋ ಹಾರ್ನೆಸ್ಸೋ ಅಂತ ಇವತ್ತು ಸಂಜೆಯೊಳಗೆ ಫಾರಂನಲ್ಲಿ ಟಿಕ್ ಮಾಡ್ಬೇಕು. ಬೆಲ್ಟ್ ನೀರೊಳಗೆ ಜಾರಿದ್ರೆ ನಾನು ಒಂದೇ ಸಲ ಮೇಲಕ್ಕೆ ಬಂದ್ಬಿಡ್ತೀನಿ, ಅದು ಶ್ವಾಸಕೋಶಕ್ಕೆ ಡೇಂಜರ್.

ರಜೆಗೆ ಹರದನಹಳ್ಳಿ ಮನೇಲಿದ್ದೀನಲ್ಲ, ಟ್ರಯಲ್ ನೋಡೋಣ ಅಂತ ಸಂತೇಲಿ ತರಕಾರಿ ಮಾರೋ ಮಾವನ ತಕ್ಕಡಿ ಬಟ್ಟುಗಳನ್ನ ಟವೆಲ್‌ನಲ್ಲಿ ಸುತ್ತಿ ಸೊಂಟಕ್ಕೆ ಕಟ್ಕೊಂಡೆ. ನಾಲ್ಕು ಹೆಜ್ಜೆ ಇಡೋದ್ರಲ್ಲಿ ಎಲ್ಲಾ ಪಾದದ ಹತ್ರ ಬಿತ್ತು.

"ನಿಂಗೆ ಸೊಂಟ ಎಲ್ಲದೆ ಕಣಮ್ಮಿ, ಅದು ನಿಲ್ಲಾಕೆ? ಔಸ್ದಿ ಹೊಡಿಯೋ ಟ್ಯಾಂಕ್ ತರ ಎಗಲಿಗೆ ಆಕ್ಕೊ," ಅಂದ್ರು ಮಾವ.

ಬ್ಯಾಗಿಗೆ ತುಂಬಿ ಹೆಗಲಿಗೆ ಹಾಕ್ಕೊಂಡೆ, ಜಾರಲಿಲ್ಲ. ಅಜ್ಜಿ ಮಾತ್ರ ಜಗಲಿಯಿಂದ, "ಈಜು ಕಲಿಯೋರು ತೇಲಾಕೆ ಸೋರೆಬುರುಡೆ ಕಟ್ಕತಾರೆ. ಇವ್ಳು ಮುಳುಗಾಕೆ ಕಬ್ಣ ಕಟ್ಕತಾವ್ಳೆ. ಇದ್ಕಾ ಆಸ್ಟೆಲ್‌ಗೆ ಆಕಿ ಓದ್ಸಿದ್ದು?" ಅಂದ್ರು.

ಒಂದನೇ ಕ್ಲಾಸಿಂದ ಹಾಸ್ಟೆಲ್ ಬ್ಯಾಗ್ ಹೊತ್ತ ಹೆಗಲು, ಅದಕ್ಕೇನೋ ಅಭ್ಯಾಸ ಇದೆ. ಆದ್ರೆ ತುರ್ತಿಗೆ ಮೇಲೆ ಬರ್ಲೇಬೇಕಾದ್ರೆ ಹಾರ್ನೆಸ್ ತೂಕ ಬೇಗ ಬಿಚ್ಚೋಕಾಗುತ್ತಾ? ಡ್ರೈಸೂಟ್‌ನಲ್ಲಿ ಇಳಿದವರು ಯಾರಾದ್ರೂ ಇದ್ರೆ ಸಂಜೆಯೊಳಗೆ ರಿಪ್ಲೈ ಮಾಡಿ, ಪ್ಲೀಸ್.