ರೈಟ್ ಕ್ಲಿಕ್ಕಿನ ಹಳೇ ಪಟ್ಟಿ

ಶ್ರೀನಿವಾಸಪುರದ ಬಸ್ ನಿಲ್ದಾಣದ ಹತ್ತಿರ ನಾನೂ ನನ್ನ ಹೆಂಡತಿಯೂ ಒಂದು ಡಿಟಿಪಿ ಅಂಗಡಿ ನಡೆಸುತ್ತೇವೆ. ಮದುವೆ ಪತ್ರಿಕೆ, ತಿಥಿ ಕಾರ್ಡು, ಮಾವಿನ ಪೆಟ್ಟಿಗೆಗೆ ಅಂಟಿಸುವ ಲೇಬಲ್ಲು. ಬೆಳಿಗ್ಗೆ ಕಂಪ್ಯೂಟರ್ ಮುಂದೆ ನಾನು, ಊಟದ ಮೇಲೆ ಅವಳು.

ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ತಂದೆವು. ಮೊದಲು ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಬೇಕಾದದ್ದೆಲ್ಲ ಒಂದೇ ಉದ್ದ ಪಟ್ಟಿಯಲ್ಲಿ ಬರುತ್ತಿತ್ತು. ಹೊಸದರಲ್ಲಿ ಬಂದದ್ದು ಅರ್ಧ. ಕಾಪಿ, ಪೇಸ್ಟ್ ಎಂಬ ಮಾತುಗಳ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಚಿತ್ರಗಳು. ಉಳಿದದ್ದು ಬೇಕೆಂದರೆ ಕೆಳಗೆ ಇನ್ನೊಂದು ಸಲ ಒತ್ತಬೇಕು. ಮುದ್ದೆ ಬಡಿಸಿ, ಸಾರು ಬೇಕಾದವರು ಅಡುಗೆಮನೆಗೆ ಎದ್ದು ಹೋಗಿ ಎಂದ ಹಾಗೆ. ಇದನ್ನು ಸುಧಾರಣೆ ಎಂದು ಕರೆದ ಮಹಾನುಭಾವರು, ಮಂಡಿ ವ್ಯಾಪಾರಿ ತಲೆಯ ಮೇಲೆ ನಿಂತಿರುವಾಗ ಒಂದು ಲೇಬಲ್ಲನ್ನಾದರೂ ಮಾಡಿದವರಲ್ಲ.

ಕೋಲಾರದಿಂದ ಬಂದ ರಿಪೇರಿಯವನು ಅಭ್ಯಾಸವಾಗುತ್ತದೆ ಬಿಡಿ ಎಂದ. ಅದು ಕೈಲಾಗದವರೆಲ್ಲ ಹೇಳುವ ಮಾತು. ಒಂದು ಭಾನುವಾರ ನಾನೇ ವಿಡಿಯೋ ನೋಡಿಕೊಂಡು, ಕಂಪ್ಯೂಟರ್ ತನ್ನ ಸೆಟ್ಟಿಂಗುಗಳನ್ನೆಲ್ಲ ಇಟ್ಟುಕೊಳ್ಳುವ ರಿಜಿಸ್ಟ್ರಿಯನ್ನು ತೆರೆದೆ. ಅದರಲ್ಲಿ ತೋರಿಸಿದ ಉದ್ದನೆಯ ಸಂಖ್ಯೆಯ ಹೆಸರಿನಲ್ಲಿ, ಫೋಲ್ಡರಿನಂಥ ಒಂದು ಕೀ ಮಾಡಿ, ಅದರೊಳಗೆ ಇನ್ನೊಂದು ಮಾಡಿ, ಅದರ ವ್ಯಾಲ್ಯೂ ಎಂಬ ಜಾಗದಲ್ಲಿ ಏನೂ ಬರೆಯದೆ ಓಕೆ ಒತ್ತಿದೆ. ಖಾಲಿ ಬಿಡುವುದೇ ಮದ್ದಂತೆ. ಅಂಥ ಬುದ್ಧಿವಂತರ ರೋಗಕ್ಕೆ ಅಂಥದೇ ಮದ್ದು. ರಿಸ್ಟಾರ್ಟ್ ಮಾಡಿದಾಗ ಹಳೇ ಪಟ್ಟಿ ಉದ್ದಕ್ಕೆ ಇಳಿದು ಬಂತು. ಯುದ್ಧ ಗೆದ್ದವನಂತೆ ಮನೆಗೆ ಹೋದೆ.

ಮರುದಿನ ಮಧ್ಯಾಹ್ನ ಹೆಂಡತಿ ಅಂಗಡಿಯಿಂದ ಫೋನ್ ಮಾಡಿದಳು. ಅವಳ ತವರು ಮುಳಬಾಗಿಲ ಕಡೆ. ಸಿಟ್ಟು ಬಂದರೆ ಮೊದಲು ಬರುವುದು ತೆಲುಗು. ಅದು ಮುಗಿದ ಮೇಲೆ ಕನ್ನಡಕ್ಕೆ ಬಂದಳು. ಆ ಚಿತ್ರಗಳನ್ನು ಅವಳು ಯಾವತ್ತೋ ಕಲಿತುಬಿಟ್ಟಿದ್ದಳಂತೆ, ಅದರಲ್ಲೇ ಕೆಲಸ ಬೇಗ ಆಗುತ್ತಿತ್ತಂತೆ.

"ಅದೂ ಒಂದು ಮೆನುನಾ?" ಎಂದೆ.

"ಕಂಪನಿಯೋರು ನಿಮ್ಮನ್ನ ಕೇಳ್ದೆ ಬದ್ಲಾಯಿಸಿದ್ರು ಅಂತ ದಿನಾ ಬೈತಿದ್ರಲ್ಲ. ನೀವು ನನ್ನ ಕೇಳಿದ್ರಾ?"

ಫೋನ್ ಇಟ್ಟು ಅಂಗಡಿಗೆ ಹೋದೆ.

ಮತ್ತೆ ವಿಡಿಯೋ ಹುಡುಕಿದಾಗ, ನಾನು ಮಾಡಿದ ತಿದ್ದುಪಡಿ ಲಾಗಿನ್ ಆದವನ ಖಾತೆಗೆ ಮಾತ್ರ ಎಂದು ಗೊತ್ತಾಯಿತು. ಅದೇ ಕಂಪ್ಯೂಟರಿನಲ್ಲಿ ಅವಳಿಗೊಂದು ಬೇರೆ ಖಾತೆ ಮಾಡಿಕೊಟ್ಟೆ. ಅದರಲ್ಲಿ ಅವಳ ಮೆನು, ನನ್ನದರಲ್ಲಿ ನನ್ನದು. ಪಾಸ್‌ವರ್ಡನ್ನೂ ಅವಳೇ ಹಾಕಿಕೊಂಡಳು, ಏನೆಂದು ನಾನು ಕೇಳಲಿಲ್ಲ. ಅವಳು ತನ್ನ ಖಾತೆಯಲ್ಲಿ ಅರ್ಧ ಮಾಡಿಟ್ಟ ಕೆಲಸಕ್ಕೆ ಬೆಳಿಗ್ಗೆಯೇ ಯಾರಾದರೂ ಬಂದರೆ, ಊಟ ಮಾಡಿಕೊಂಡು ಬನ್ನಿ ಎಂದು ಕಳಿಸುತ್ತೇನೆ.