ನಿನ್ನ ಪಪ್ಪ ಮರೆತಿರಲಿಲ್ಲ

ತಪ್ಪು ಮಾಡಿದ್ದು ನಾನು, ಶರಲ್. ಆರು ವರ್ಷದ ಹಿಂದೆ ಅಬ್ಕೈಕಿನ ಆಫೀಸಿನಲ್ಲಿ ನಿನ್ನ ಪಪ್ಪನ ಮೇಲೆ ಬಂದ ದೂರು ಸುಳ್ಳು. ಅದು ಸುಳ್ಳೆಂದು ಆ ಕೋಣೆಯಲ್ಲಿ ನನಗೊಬ್ಬನಿಗೆ ಸರಿಯಾಗಿ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ — ಅಲ್ಲ, ಹಾಗೆ ಬರೆದರೆ ಅದೂ ಪೂರ್ತಿ ನಿಜವಲ್ಲ. ಸುಳ್ಳನ್ನು ಎಲ್ಲರ ಕಣ್ಣೆದುರು ನಿಜ ಮಾಡಿ ತೋರಿಸಿದೆ. ನೀನು ಹತ್ತನೇ ಕ್ಲಾಸಿನ ನಡುವೆ ದಮ್ಮಾಮ್ ಬಿಟ್ಟು ಹೋಗಬೇಕಾದದ್ದು, ಊರಿನಲ್ಲಿ ಒಂದು ವರ್ಷ ಕಳೆದುಕೊಂಡದ್ದು, ಎಲ್ಲ ಅದರಿಂದ.

ಮೊನ್ನೆ ನೀನು ಕಾಲೇಜಿನ ಪ್ರಾಜೆಕ್ಟಿನ ಬಗ್ಗೆ ಮೆಸೇಜು ಹಾಕಿದೆ. ಇನ್ನರ್‌ಎಚ್‌ಟಿಎಂಎಲ್‌ನಲ್ಲಿ ಹಾಕಿದ ಸ್ಕ್ರಿಪ್ಟ್ ಯಾಕೆ ಓಡುವುದಿಲ್ಲ ಅಂಕಲ್, ಎರರ್ ಕೂಡ ಬರುವುದಿಲ್ಲ, ತಲೆ ಕೆಟ್ಟುಹೋಯಿತು ಎಂದು. ಓದಿ ಮೊಬೈಲನ್ನು ಕವುಚಿ ಹಾಕಿದೆ. ಕೇಳಲಿಕ್ಕೆ ಬೇರೆ ಪ್ರಶ್ನೆಯೇ ಸಿಗಲಿಲ್ಲವಾ ಮಾರಾಯ್ತಿ ನಿನಗೆ? ನೀನು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಾದರೆ ಒಂದು ‘ಸಾರಿ’ ಹಾಕಿ ಜಾರಿಕೊಳ್ಳುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ಪ್ರಶ್ನೆಗೆ ಉತ್ತರ ಇಷ್ಟೇ. ಪುಟ ಮೊದಲ ಸಲ ತೆರೆಯುವಾಗ ಅದರೊಟ್ಟಿಗೇ ಬಂದ ಸ್ಕ್ರಿಪ್ಟನ್ನು, ಅಂದರೆ ಪುಟಕ್ಕೆ ಕೆಲಸ ಹೇಳುವ ಸಾಲುಗಳನ್ನು, ಬ್ರೌಸರ್ ಓಡಿಸುತ್ತದೆ. ತೆರೆದ ಮೇಲೆ ಇನ್ನೊಂದು ತುಂಡು ಎಚ್‌ಟಿಎಂಎಲ್ ತಂದು ಇನ್ನರ್‌ಎಚ್‌ಟಿಎಂಎಲ್ ಮೂಲಕ ಒಳಗೆ ತುರುಕಿದರೆ ಅಕ್ಷರ ಕಾಣುತ್ತದೆ, ಬಣ್ಣ ಕಾಣುತ್ತದೆ, ಸ್ಕ್ರಿಪ್ಟೂ ಅಲ್ಲೇ ಕೂತಿರುತ್ತದೆ — ಓಡುವುದಿಲ್ಲ. ಬೇಕೆಂದೇ ಹಾಗೆ ಇಟ್ಟಿದ್ದಾರೆ. ಹಾಗಂತ ಅದು ಭದ್ರ ಕಾವಲೂ ಅಲ್ಲ. ತೆರೆಯಲಾಗದ ಒಂದು ಚಿತ್ರದ ಟ್ಯಾಗಿಗೆ ‘ಆನ್‌ಎರರ್’, ಚಿತ್ರ ಬಾರದಿದ್ದರೆ ಇದನ್ನು ಮಾಡು, ಎಂದು ಸಾಲು ಕಟ್ಟಿ ಕಳಿಸು, ಅದು ಸಲೀಸಾಗಿ ಓಡುತ್ತದೆ! ಒಂದನ್ನು ತಡೆದು ಇನ್ನೊಂದನ್ನು ಒಳಗೆ ಬಿಡುತ್ತದೆ. ಎಂತ ಕರ್ಮ ಇದು? ತಡೆದದ್ದನ್ನಾದರೂ ಬಾಯಿಬಿಟ್ಟು ಹೇಳಬಾರದಾ? ಎರರ್ ಎಂದು ಒಂದು ಕೆಂಪು ಸಾಲು? ಇಲ್ಲ. ಬ್ರೌಸರನ್ನು ಬೈಯುತ್ತಾ ಕೂತರೆ ಈ ಪತ್ರ ಇಲ್ಲೇ ಮುಗಿದುಹೋದೀತು — ಮುಗಿಯಲಿ ಎಂದು ಮನಸ್ಸು ಹೇಳುತ್ತಿದೆ, ಅದಕ್ಕೇ ಮುಂದೆ ಬರೆಯುತ್ತೇನೆ.

ನಮ್ಮದು ಎಣ್ಣೆ ಪ್ಲಾಂಟಿನ ಮೇಂಟೆನೆನ್ಸ್ ಗುತ್ತಿಗೆಯ ಕಂಪನಿ. ವಿಲ್ಫ್ರೆಡ್, ನಿನ್ನ ಪಪ್ಪ, ಸೇಫ್ಟಿ ಕ್ಲರ್ಕ್. ಇಂದು ಯಾವ ಜಾಗದಲ್ಲಿ ಗ್ಯಾಸ್ ಪರೀಕ್ಷೆ ಇದೆ, ಎಲ್ಲಿ ಕಾಲಿಡಬಾರದು ಎಂಬ ನೋಟೀಸನ್ನು ಅವನು ಬೆಳಿಗ್ಗೆ ಹಾಕುತ್ತಿದ್ದ. ಬಸ್ಸು ಹತ್ತುವ ಜಾಗದಲ್ಲಿ, ಕಬ್ಬಿಣದ ಪೆಟ್ಟಿಗೆಯೊಳಗೆ, ನೋಟೀಸಿನ ಪುಟ ಮಾತ್ರ ಕಾಣುವ ಒಂದು ಟ್ಯಾಬ್ಲೆಟ್ ಇತ್ತು, ಟ್ಯಾಬ್ ಎನ್ನುತ್ತಿದ್ದೆವು. ಕೆಲಸದವರು ಅದರಲ್ಲಿ ನೋಟೀಸು ಓದಿ ‘ಓದಿದ್ದೇನೆ’ ಎಂಬ ಬಟನ್ ಒತ್ತಿ ತಮ್ಮ ನಂಬರು ಹಾಕಬೇಕು. ಆ ಬಟನ್ ತರುವ ನಾಲ್ಕು ಸಾಲಿನ ಸ್ಕ್ರಿಪ್ಟು ಪ್ರತಿ ನೋಟೀಸಿನ ಕೆಳಗೇ ಇರುತ್ತಿತ್ತು. ಅವನು ಪ್ರತಿದಿನ ಅದನ್ನು ಕಾಪಿ ಮಾಡಿ ಹಾಕುತ್ತಿದ್ದ, ಮನೆಯಿಂದ ಹೊರಡುವಾಗ ಇಕಾಮಾ, ಈ ದೇಶದಲ್ಲಿ ಇರಲಿಕ್ಕೆ ಬೇಕಾದ ಪರವಾನಗಿ ಕಾರ್ಡು, ಜೇಬಿನಲ್ಲಿದೆಯಾ ಎಂದು ಮುಟ್ಟಿ ನೋಡುವಷ್ಟು ನಿಯಮದಿಂದ.

ಆ ಪುಟ ನನ್ನದು, ಕಂಪನಿಯ ಕಂಪ್ಯೂಟರ್ ಕೆಲಸ ನೋಡುತ್ತಿದ್ದವನು ನಾನು. ಟ್ಯಾಬು ಮತ್ತೆ ಮತ್ತೆ ಪೂರ್ತಿ ಪುಟ ತೆರೆಯುತ್ತಾ ನಿಧಾನವಾಗುತ್ತದೆ ಎಂದು ನಾನು ಜಾಣತನ ಮಾಡಿ, ಹೊಸ ನೋಟೀಸು ಮಾತ್ರ ಬಂದು ಒಳಗೆ ಸೇರುವ ಹಾಗೆ ಬದಲಾಯಿಸಿದೆ. ಯಾರಿಗೂ ಹೇಳಲಿಲ್ಲ. ಅಂದಿನಿಂದ ಟ್ಯಾಬಿನಲ್ಲಿ ನೋಟೀಸು ಬಂತು, ಬಟನ್ ಬರಲಿಲ್ಲ. ಜನ ಓದಿ ಬಸ್ಸು ಹತ್ತಿದರು.

ವಿಲ್ಫ್ರೆಡ್ ಬಂದು ಹೇಳಿದ, ಒಮ್ಮೆಯಲ್ಲ, ಎರಡು ಸಲ. ‘ಎಂತ ಮಾರಾಯ ಇದು, ಟ್ಯಾಬಲ್ಲಿ ಬಟನ್ನೇ ಬರುದಿಲ್ಲ. ನಿನ್ನ ಪೇಜಲ್ಲೇ ಎಂತದೋ ಉಂಟು. ಒಮ್ಮೆ ಹೊರಗೆ ಬಂದು ನೋಡು ನೀ.’

ಹೊರಗೆ ಸೆಕೆ. ನಾನು ಎಸಿಯಲ್ಲಿ ಕೂತಲ್ಲೇ ರಿಫ್ರೆಶ್ ಒತ್ತಿದೆ. ಪುಟ ಹೊಸದಾಗಿ ತೆರೆಯಿತು, ನೋಟೀಸು ಅದರೊಟ್ಟಿಗೇ ಬಂತು, ಬಟನ್ ಬಂತು. ‘ನನ್ನಲ್ಲಿ ಸರೀ ಬರ್ತಾ ಉಂಟಲ್ಲ! ನೀ ಮೊದ್ಲು ಸ್ಕ್ರಿಪ್ಟ್ ಹಾಕ್ಲಿಕ್ಕೆ ಮರ್ತು ಮತ್ತೆ ಹಾಕಿರ್ತೀ’ ಎಂದೆ. ಮೂವತ್ತು ಹೆಜ್ಜೆ ದೂರದ ಪೆಟ್ಟಿಗೆ. ಹೋಗಿ ನೋಡಲಿಕ್ಕೆ ನನಗೆ ಎಂತ ದಾಡಿ ಆಗಿತ್ತು? ಆ ಪೆಟ್ಟಿಗೆಯೊಳಗಿನ ಟ್ಯಾಬಿಗೆ ಯಾರೂ ರಿಫ್ರೆಶ್ ಒತ್ತುವುದಿಲ್ಲ, ಒತ್ತಲಿಕ್ಕೆ ಆಗುವುದೂ ಇಲ್ಲ ಎಂಬುದು ಅದನ್ನು ಕೂರಿಸಿದ ನನಗೇ ಹೊಳೆಯಲಿಲ್ಲ.

ತಪಾಸಣೆಯವರು ಬಂದರು. ಮೂರು ವಾರದ ನೋಟೀಸುಗಳ ಕೆಳಗೆ ಒಬ್ಬನ ನಂಬರೂ ಇಲ್ಲ. ವಿಲ್ಫ್ರೆಡನನ್ನು ಮ್ಯಾನೇಜರ್ ಕರೆಸಿದರು. ನನ್ನನ್ನೂ ಕರೆಯುತ್ತಾರೆಂದು ಗೊತ್ತಾದ ಮೇಲೆ, ಆ ಮೇಲೆ, ನಾನು ಮೊದಲ ಸಲ ರಿಫ್ರೆಶ್ ಒತ್ತದೆ ಕಾದು ನೋಡಿದೆ. ನೋಟೀಸು ಬಂತು. ಬಟನ್ ಬರಲಿಲ್ಲ. ಕಾರಣ ಹುಡುಕಲು ಹತ್ತು ನಿಮಿಷ ಸಾಕಾಯಿತು.

ಅದು ಗೊತ್ತಿದ್ದೂ ಆ ಕೋಣೆಗೆ ಹೋದೆ. ಪುಟ ಸರಿ ಇದೆಯಾ, ತೋರಿಸು ಎಂದರು ಮ್ಯಾನೇಜರ್. ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿ ರಿಫ್ರೆಶ್ ಒತ್ತಿದೆ.

ಗೊತ್ತಿದ್ದೇ ಒತ್ತಿದೆ, ಶರಲ್. ಒತ್ತಿದರೆ ಬಟನ್ ಬರುತ್ತದೆಂದು ಗೊತ್ತಿತ್ತು, ಅದಕ್ಕೇ ಒತ್ತಿದೆ.

‘ನೋಡಿ ಸರ್, ಬರ್ತಾ ಇದೆ’ ಎಂದು ಹಿಂದಿಯಲ್ಲಿ ಹೇಳಿದೆ. ವಿಲ್ಫ್ರೆಡ್ ನನ್ನ ಮುಖ ನೋಡಿದ. ಟ್ಯಾಬಿನಲ್ಲಿ ಬರುವುದಿಲ್ಲ ಸರ್, ನೀವೇ ಬಂದು ನೋಡಿ ಎಂದ. ಊಟದ ನಂತರ ಹೋಗುವ ಎಂದಾಯಿತು. ಆ ಊಟದ ಹೊತ್ತಿನಲ್ಲಿ ನಾನು ಪುಟವನ್ನು ಸರಿ ಮಾಡಿದೆ — ಸ್ಕ್ರಿಪ್ಟ್ ಟ್ಯಾಗನ್ನು ಹೊಸದಾಗಿ ಸೃಷ್ಟಿಸಿ, ಅವೇ ಸಾಲುಗಳನ್ನು ಅದರೊಳಗೆ ಹಾಕಿ ಸೇರಿಸಿದರೆ ಓಡುತ್ತದೆ. ನೀನೂ ಹಾಗೆಯೇ ಮಾಡು. ಸರಿ ಮಾಡಿದ ಪುಟ ತೆರೆಯಲಿ ಎಂದು ಟ್ಯಾಬನ್ನು ಕೂತಲ್ಲಿಂದಲೇ ಒಮ್ಮೆ ಆಫ್ ಮಾಡಿ ಆನ್ ಮಾಡಿದೆ. ಎಲ್ಲರೂ ಪೆಟ್ಟಿಗೆಯ ಮುಂದೆ ಹೋಗಿ ನಿಂತಾಗ ಬಟನ್ ಕಣ್ಣಿಗೆ ಹೊಡೆಯುವ ಹಾಗೆ ಕೂತಿತ್ತು. ಮೂರು ವಾರ ಮರೆತು, ಸಿಕ್ಕಿಬಿದ್ದ ಮೇಲೆ ಗುಟ್ಟಾಗಿ ಸೇರಿಸಿದ್ದಾನೆ, ಮೇಲಿಂದ ಸುಳ್ಳು ಬೇರೆ ಎಂದು ತೀರ್ಮಾನವಾಯಿತು. ‘ಖಲಾಸ್’ ಎಂದರು ಮ್ಯಾನೇಜರ್. ಇಕಾಮಾ ನವೀಕರಿಸಲಿಲ್ಲ. ಅವನದ್ದು ಹೋದರೆ ನಿಮ್ಮೆಲ್ಲರದ್ದೂ ಹೋಯಿತು. ಬೋರ್ಡ್ ಪರೀಕ್ಷೆಗೆ ನಾಲ್ಕು ತಿಂಗಳಿತ್ತು.

ಆಗ ನನ್ನ ಕಾಂಟ್ರಾಕ್ಟೂ ಮುಗಿಯುವುದರಲ್ಲಿತ್ತು, ಹೆಂಡತಿಯ ವೀಸಾ ಆಗಬೇಕಿತ್ತು... ಇದನ್ನು ಕಾರಣವೆಂದು ಬರೆದೆನಾ? ಥೂ. ಅವಳು ಒಂದು ವರ್ಷ ತಡವಾಗಿ ಬಂದಿದ್ದರೆ ಎಂತ ಆಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಆ ವರ್ಷವನ್ನು ನಿನ್ನ ಕೈಯಿಂದ ಕಿತ್ತುಕೊಂಡೆ, ಅಷ್ಟೇ.

ಹೊರಡುವ ಮೊದಲು ನಿನ್ನ ಪಪ್ಪ ನನ್ನನ್ನು ಬೈಯುತ್ತಾನೆಂದು ಕಾದಿದ್ದೆ. ಬೈದಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆನೋ ಏನೋ — ಇಲ್ಲ, ಇದೂ ನಾಟಕ. ಅವನು ಬಸ್ಸಿನಲ್ಲಿ ನನ್ನ ಪಕ್ಕ ಕೂತು ಹೇಳಿದ್ದು ಇಷ್ಟು: ‘ನಂಗೇ ಮರ್ತು ಹೋಗಿರ್ಬೇಕು ಮಾರಾಯ. ಇಷ್ಟು ಜನ ನೋಡಿದ ಮೇಲೆ ಬಟನ್ ಬರುದಿಲ್ಲ ಅಂತ ನಾ ಹೇಗೆ ಹೇಳುದು?’ ತನ್ನ ಕಣ್ಣಿನಿಂದ ಕಂಡದ್ದನ್ನೇ ನಂಬದ ಹಾಗೆ ನಾನು ಅವನನ್ನು ಮಾಡಿದ್ದೆ. ‘ಹ್ಞೂಂ, ಆಗ್ತದೆ ಹಾಗೆ’ ಎಂದೆ. ಸಮಾಧಾನ ಮಾಡಿದೆ ಅವನಿಗೆ, ನಾನು!

ಈಗಲೂ ಪ್ರತಿ ಕ್ರಿಸ್ಮಸ್ಸಿಗೆ ಅವನೇ ಫೋನ್ ಮಾಡುತ್ತಾನೆ. ಕಳೆದ ಸಲ ನಿನ್ನ ಸುದ್ದಿ ಬಂತು. ‘ನಾ ಮರ್ತು ಅವಳದ್ದೊಂದು ವರ್ಷ ಹಾಳು ಮಾಡಿದೆ. ಅವಳತ್ರ ಕ್ಷಮೆ ಕೇಳಿದೆ ಮಾರಾಯ, ಪಾಪ, ಮಗು ಎಂತ ಹೇಳೂದು?’ ಎಂದ. ನಾನು ಕೇಕಿನ ವಿಷಯ ಎತ್ತಿ ಮಾತು ತಿರುಗಿಸಿದೆ.

ಇದನ್ನು ಅವನಿಗೆ ನೀನು ಹೇಳಬೇಡ. ಅದನ್ನೂ ನಿನ್ನಿಂದ ಮಾಡಿಸಿದರೆ ನನ್ನಂಥ ಹೇಡಿ ಇನ್ನೊಬ್ಬನಿಲ್ಲ. ಶುಕ್ರವಾರ ರಜೆ, ಬೆಳಿಗ್ಗೆ ನಾನೇ ಫೋನ್ ಮಾಡಿ ಹೇಳುತ್ತೇನೆ. ಕಂಪನಿಗೂ ಬರೆದು ಕೊಡುತ್ತೇನೆ, ಆಮೇಲೆ ನನ್ನ ಕೆಲಸ ಉಳಿಯಲಿ, ಹೋಗಲಿ. ನೀನು ನನ್ನನ್ನು ಕ್ಷಮಿಸಬೇಕೆಂದು ಕೇಳುತ್ತಿಲ್ಲ. ಫೋನು ಮುಗಿದ ಮೇಲೆ ಸ್ವಲ್ಪ ಹೊತ್ತು ನಿನ್ನ ಪಪ್ಪನ ಹತ್ತಿರ ಹೋಗಿ ಕೂತುಕೋ. ಆರು ವರ್ಷದಿಂದ ಅವನು ನಿನ್ನೆದುರು ತಲೆ ತಗ್ಗಿಸಿ ಬದುಕಿದ್ದಾನೆ, ಅವನದ್ದು ಏನೂ ತಪ್ಪಿರಲಿಲ್ಲ.